ರೋಬೋಟಿನೊಳಗಿನ ವಾಸಣ್ಣ

ವಾಸಣ್ಣನವರ ಮಾತು ಕೇಳಬೇಕಾದರೆ ಫ್ಯಾನ್ ಆರಿಸಬೇಕಿತ್ತು. ಅಷ್ಟು ಮೆಲುದನಿ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಕಿರುಚುತ್ತಾರೆ ಎಂದು ಅವರ ಹೆಂಡತಿ ಪದ್ಮಕ್ಕ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ.

ಆಗಷ್ಟೇ ನಾವು ಮೈಸೂರಿನಿಂದ ಬಂದು ಚೆನ್ನೈನ ಕೋಡಂಬಾಕ್ಕಂನಲ್ಲಿ ಅವರ ಎದುರು ಮನೆ ಹಿಡಿದಿದ್ದೆವು. ಕನ್ನಡ ಸಿನಿಮಾಗಳು ಅಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಪಾತ್ರ ಹುಡುಕಿಕೊಂಡು ಬಂದವರು ವಾಸಣ್ಣ. ಗಂಟಲು ತೆಳು ಎಂದು ಯಾರೂ ಪಾತ್ರ ಕೊಡಲಿಲ್ಲ. ಸಿನಿಮಾದವರೆಲ್ಲ ಬೆಂಗಳೂರಿಗೆ ಹೋದರೂ ಇವರು ಡಬ್ಬಿಂಗ್ ನೆಚ್ಚಿಕೊಂಡು ಉಳಿದರು. ಎರಡು ಸಾವಿರದ ಇಸವಿಯ ಆಚೀಚೆ ಟಿವಿಯಲ್ಲಿ ಸಂಜೆ ಜಪಾನಿನ ಕಾರ್ಟೂನೊಂದು ತಮಿಳಿನಲ್ಲಿ ಬರುತ್ತಿತ್ತು. ಗೋಪುರದಷ್ಟು ಎತ್ತರದ ರೋಬೋಟ್, ಅದರ ಎದೆಯೊಳಗೆ ಕೂತು ಅದನ್ನು ನಡೆಸುವ ಹುಡುಗ, ವಾರಕ್ಕೊಂದು ಹೊಸ ಶತ್ರು, ಊರಿನ ಕಟ್ಟಡಗಳೆಲ್ಲ ಪುಡಿಪುಡಿ. ಆ ಹುಡುಗನ ದನಿ, ಅರವತ್ತಕ್ಕೆ ಹತ್ತಿರವಾಗಿದ್ದ ನಮ್ಮ ವಾಸಣ್ಣನವರದು!

ಮೈಸೂರಿನಿಂದ ಕೈಗೂಸಾಗಿ ಬಂದಿದ್ದ ನನ್ನ ಮಗಳು ನಿಧಿಗೆ ಅದರ ಹುಚ್ಚು. ಆಗಲೇ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ. "ಬರೀ ಗುದ್ದಾಟ. ಅದರಲ್ಲಿ ಅಂಥದ್ದೇನಿದೆ ವಾಸಣ್ಣ?" ಎಂದು ರೇಗಿದೆ.

"ಗುದ್ದಾಟ ಇರ್ಲಿ ಕಣಮ್ಮ. ಮಕ್ಕಳಿಗೆ ಎಲ್ಲರೂ ದೊಡ್ಡೋರೇ. ಸ್ಕೂಲಲ್ಲಿ ಮಿಸ್ಸು, ಮನೇಲಿ ನೀನು. ಅಷ್ಟು ದೊಡ್ಡದೊಂದು ತನ್ನ ಮಾತು ಕೇಳುತ್ತೆ ಅಂದ್ರೆ ಯಾವ ಮಗೂಗೆ ಬೇಡ ಹೇಳು?"

ಡಬ್ಬಿಂಗಿಗೆ ಹೊರಟರೆ ವಾಸಣ್ಣ ಮೊಸರು ಮುಟ್ಟುತ್ತಿರಲಿಲ್ಲ. ಕಲ್ಲುಸಕ್ಕರೆ, ಮೆಣಸು ಜೇಬಿನಲ್ಲಿ. ಮೈಕಿನ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಂತೆ. ಒಮ್ಮೆ ರೋಬೋಟ್ ಏಟು ತಿಂದು ಸಮುದ್ರಕ್ಕೆ ಬಿತ್ತು. ಹುಡುಗ ಅದನ್ನು ಎಬ್ಬಿಸಬೇಕು. ಬರೆದುಕೊಟ್ಟ ತಮಿಳು ಮಾತು ಉದ್ದ, ಚಿತ್ರದಲ್ಲಿ ಹುಡುಗನ ಬಾಯಿ ತೆರೆಯುವುದು ಗಳಿಗೆ ಮಾತ್ರ. ಎಷ್ಟು ಸಲ ಮಾಡಿದರೂ ಕೂಡಲಿಲ್ಲ. ಕೊನೆಗೆ ಆವೇಶದಲ್ಲಿ ವಾಸಣ್ಣ ಮನೆಭಾಷೆಯಲ್ಲೇ "ಏಳೋ! ಏಳೋ!" ಎಂದು ಅರಚಿಬಿಟ್ಟರು. ಸರಿಯಾಗಿ ಕೂತಿತು. "ಅದುವೇ ಇರುಕ್ಕಟ್ಟುಂ ಸಾರ್," ಅದೇ ಇರಲಿ, ಅಂದರಂತೆ ಡಬ್ಬಿಂಗ್ ಮಾಡಿಸುತ್ತಿದ್ದವರು.

ಅಲ್ಲಿಂದ ಬೀದಿಯ ತಮಿಳು ಮಕ್ಕಳ ಬಾಯಲ್ಲೆಲ್ಲ ಏಳೋ, ಏಳೋ. ಕ್ರಿಕೆಟಿನಲ್ಲಿ ಬಿದ್ದವನಿಗೂ ಅದೇ, ಸ್ಟಾರ್ಟಾಗದ ಸ್ಕೂಟರಿಗೂ ಅದೇ. ನಿಧಿಯಂತೂ ಅದು ರೋಬೋಟ್ ಭಾಷೆ ಎಂದು ನನಗೇ ಪಾಠ ಹೇಳಿದಳು. ವಾಸಣ್ಣ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡು ಮುಸಿಮುಸಿ ನಗುತ್ತಿದ್ದರು.

ಅಷ್ಟರಲ್ಲಿ ಅವರ ಗಂಟಲು ಕಟ್ಟತೊಡಗಿತು. ಕೀಲ್ಪಾಕಿನ ಡಾಕ್ಟರು, ಒಳಗೆ ಗಡ್ಡೆಯಿದೆ, ಕಿರುಚುವುದು ಇವತ್ತೇ ನಿಲ್ಲಬೇಕು, ಇಲ್ಲದಿದ್ದರೆ ದನಿಯೇ ಹೋದೀತು ಎಂದರು. ಕಥೆ ಮುಗಿಯಲು ಕೆಲವೇ ಕಂತು ಉಳಿದಿದ್ದವು. ಪದ್ಮಕ್ಕ ಅತ್ತರು, ನಾನು ಜಗಳವಾಡಿದೆ.

"ಹುಡುಗ ಇನ್ನೂ ಒಳಗೇ ಕೂತಿದಾನಲ್ಲಮ್ಮ," ಎಂದರು. "ನಾನು ಅರ್ಧಕ್ಕೆ ಬಿಟ್ಟು ಬಂದ್ರೆ ಅವನು ಹೊರಗೆ ಬರೋದು ಹೇಗೆ?"

ಮುಗಿಸಿಯೇ ಬಂದರು. ಆಮೇಲೆ ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ದನಿ ಹೋಯಿತು.

ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ, ಯಾರ ಮುಖವೂ ಬೇಡ. ಪದ್ಮಕ್ಕನ ಗೋಳು ನೋಡಲಾರದೆ ನಿಧಿಯನ್ನು ಕರೆದುಕೊಂಡು ಹೋದೆ. ಅವಳು ಮಂಚದ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, ನಾನು ತಡೆಯುವಷ್ಟರಲ್ಲಿ, "ಏಳೋ! ಏಳೋ!" ಎಂದು ಕೂಗಿಯೇಬಿಟ್ಟಳು. ಅಯ್ಯೋ ದೇವರೇ, ತಾತನ ವಯಸ್ಸಿನವರಿಗೆ! ಹೊಡೆಯಲು ಕೈಯೆತ್ತಿದೆ. ವಾಸಣ್ಣನವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಒಂದು ಕೈ ಊರಿದರು, ಕತ್ತು ತಿರುಗಿಸಿದರು, ಥೇಟ್ ರೋಬೋಟಿನಂತೆ ತಡೆತಡೆದು ಎದ್ದು ಕೂತರು. ಅವತ್ತು ಗಂಜಿ ಕುಡಿದರು.

ಮರುಪ್ರಸಾರ ಬಂದಾಗೆಲ್ಲ ಮಕ್ಕಳ ನಡುವೆ ಕೂತು, ತಮ್ಮದೇ ದನಿಗೆ ತುಟಿ ಆಡಿಸುತ್ತಿದ್ದರು.

ಮುಂದೆ ಮಾಧವರಂನಲ್ಲಿದ್ದ ಮಗಳ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ಅಲ್ಲಿಂದಲೇ ಅವರು ತೀರಿಕೊಂಡ ಸುದ್ದಿ ಬಂತು, ಹೊರಟೆವು. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನನ್ನಷ್ಟೇ ಎತ್ತರ ಬೆಳೆದಿದ್ದ ನಿಧಿ ಸರಸರನೆ ಹೋಗಿ ಅವರ ಕಿವಿಯ ಹತ್ತಿರ ಬಗ್ಗಿದಳು. ಇಷ್ಟು ಜನರ ಮುಂದೆ ಆ ಮಾತನ್ನೇ ಅಂದುಬಿಟ್ಟರೆ ಗತಿಯೇನು ಎಂದು ಹಿಂದೆಯೇ ಓಡಿದೆ.

"ಮಲ್ಕೊಳ್ಳಿ ತಾತ," ಎಂದಳು, ಕನ್ನಡದಲ್ಲಿ.