ನಾಲ್ಕು ಪೆನ್ನಿನ ವಿರೂಪಣ್ಣ
ಹನುಮಸಾಗರದ ಬೇವಿನ ಕಟ್ಟೆಯಲ್ಲಿ ಕೂತು ಸಾವಯವ ತಪಾಸಣೆಯ ವಿರೂಪಣ್ಣ ಹನ್ನೆರಡು ಮಂದಿ ರೈತರ ವರ್ಷದ ಹೊಲದ ಡೈರಿಗಳನ್ನು ಒಂದೇ ಮುಂಜಾನೆ ಬರೆಯುತ್ತಾನೆ. ದಿನಗಳು ಬೇರೆಬೇರೆ ಕಾಣಲೆಂದು ನಾಲ್ಕು ಪೆನ್ನು ಬಳಸುತ್ತಾನೆ. ಹಾಳೆಗೆ ಚಹಾದ ಹನಿಯನ್ನೂ ಬೀಳಿಸುತ್ತಾನೆ. ‘ಹೊಲಕ್ಕ ಬರ್ರಿ ಸಾಹೇಬ್ರ’ ಎಂದು ಪಾರವ್ವ ಕರೆದರೆ, ‘ನಿನ್ನ ಮಾರಿ ನೋಡಿದ್ರ ಹೊಲ ನೋಡಿದಂಗ ಬಿಡವ್ವ’ ಎಂದು ನಗುತ್ತಾನೆ. ಆರು ವರ್ಷದಿಂದ ಔಷಧ ಸೋಕಿಸದೆ ಪಾರವ್ವ ಬೆಳೆಯುವ ನವಣೆಯನ್ನು, ಸಾವಯವವೆಂದು ಪೊಟ್ಟಣ ಕಟ್ಟಿ ಮಾರುವ ಕಂಪನಿ ಈ ಸಲ ‘ಕಾಳು ಸಣ್ಣದು’ ಎಂದು ವಾಪಸು ಕಳಿಸಿತು. ಅವಳ ಫೋಟೊವನ್ನು ಮಾತ್ರ ಪೊಟ್ಟಣದ ಮೇಲೆ ಉಳಿಸಿಕೊಂಡು, ಒಳಗೆ ಔಷಧ ಹೊಡೆದ ಯಾರದೋ ಹೊಲದ ಕಾಳು ತುಂಬಿತು. ಇಂದು ಆ ಪೊಟ್ಟಣಕ್ಕೆ ಸಾವಯವ ಮುದ್ರೆ ಕೊಡಿಸುವ ಡೈರಿಗೆ ಅವಳ ಹೆಬ್ಬೆಟ್ಟು ಒತ್ತಿಸಲು ಮಸಿ ಡಬ್ಬಿ ಮುಂದಿಟ್ಟ ವಿರೂಪಣ್ಣ, ಜೊತೆಗೇ ಕೈಚೀಲವನ್ನೂ ಚಾಚಿದ: ‘ಐದು ಸೇರು ನಿನ್ನ ನವಣಿ ಹಾಕವ್ವ. ಮನ್ಯಾಗ ಸಣ್ಣ ಮಕ್ಕಳ ಅದಾವ, ಆ ಪೊಟ್ಟಣದ್ದು ತಿನಸಾಕ ಆಗಂಗಿಲ್ಲ.’ ಪಾರವ್ವ ಮಕ್ಕಳಿಗೆಂದು ನವಣೆ ಅಳೆದು ಹಾಕಿದಳು. ಡೈರಿಗೆ ಹೆಬ್ಬೆಟ್ಟು ಒತ್ತಲಿಲ್ಲ.