ಐದನೆಯ ಮನೆಯ ಹಿಟ್ಟು

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಗಣಿತದ ಮಾಸ್ತರರ ಪಾಠ ಮುಗಿಯದಿದ್ದರೆ ನನ್ನ ಪಿರಿಯಡ್ಡು ಅವರ ಪಾಲು. ಉಳಿದ ದಿನ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ ಬರೆಯುತ್ತಾರೆ. ಜೋಳದ ಹೊಲಗಳ ಊರಲ್ಲಿ ಈ ತೆಂಗಿನಮರ ಎಲ್ಲಿಂದ ಬಂತೆಂದು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಯಾರೂ ಹೇಳಿಲ್ಲ.

ಹೋದ ವರ್ಷ ಬೆಂಗಳೂರಿನ ಒಂದು ಕಲಾಬಳಗದಿಂದ ನನಗೆ ಪತ್ರ ಬಂತು. ಧಾರವಾಡದಲ್ಲಿ ನನ್ನ ಜೊತೆ ಕಲಿತವಳೊಬ್ಬಳು ಅಲ್ಲಿ ನನ್ನ ಹೆಸರು ಹೇಳಿದ್ದಳಂತೆ. ದಿನನಿತ್ಯದ ಬದುಕು, ಕೊಡುಕೊಳ್ಳುವಿಕೆ, ಹಣ, ಇವುಗಳ ಬಗ್ಗೆ ಒಂದು ಪರ್ಫಾರ್ಮೆನ್ಸ್ ಮಾಡಬೇಕು. ಗೋಡೆಗೆ ತೂಗುಹಾಕುವಂಥದ್ದು ಏನೂ ಬೇಡ, ನಾನು ಜನರ ನಡುವೆ ಮಾಡುವ ಕೆಲಸವೇ ಕಲಾಕೃತಿ. ಓದಿ ನನಗೆ ನಗು ಬಂತು, ಆಸೆಯೂ ಆಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಕಲಾವಿದೆ ಎಂದು ಕರೆದ ಮೊದಲ ಕಾಗದ ಅದು.

ನಾನು ಯೋಚಿಸಿದ್ದು ಇಷ್ಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ಸಂತೆಯಲ್ಲಿ ಒಂದೊಂದು ದಿನ ಕೂರುವುದು. ಯಾರು ಏನು ಹರಿದದ್ದು ತಂದರೂ ಹೊಲಿದು ಕೊಡುವುದು. ಬದಲಿಗೆ ದುಡ್ಡೊಂದು ಬಿಟ್ಟು ಏನು ಕೊಟ್ಟರೂ ತೆಗೆದುಕೊಳ್ಳುವುದು. ಆ ದಿನ ನಾನು ನೋಟು ಮುಟ್ಟುವಂತಿಲ್ಲ, ಫೋನಿನಲ್ಲಿ ಕಳಿಸುವಂತೆಯೂ ಇಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚಿಲ್ಲದ ಕಾಲವಾದ್ದರಿಂದ ಊರಿಂದ ಊರಿಗೆ ಹೋಗುವ ಚಿಂತೆಯೂ ಇರಲಿಲ್ಲ.

ಮೊದಲು ನಮ್ಮೂರಲ್ಲೇ ಕೂತೆ. ಅದು ತಪ್ಪಾಯಿತು. ಪರಿಚಯದವರೆಲ್ಲ ಬಂದು ನಿಂತು, ಪಗಾರ ನಿಂತಿದೆಯೇ ಎಂದು ಕೇಳಿದರು. ಹರಿದ ಚೀಲ ತಂದವರು ಕಡಿಮೆ, ಸಮಾಧಾನ ಹೇಳಿದವರು ಜಾಸ್ತಿ. ಕಿತ್ತೂರಿನಲ್ಲಿ ಕೆಲಸ ಚೆನ್ನಾಗಿ ನಡೆಯಿತು. ಹೆದ್ದಾರಿಯ ಊರು, ಯಾರಿಗೂ ಯಾರನ್ನೂ ವಿಚಾರಿಸಲು ಪುರುಸೊತ್ತಿಲ್ಲ. ಒಬ್ಬ ಲಾರಿ ಚಾಲಕ ತನ್ನ ಸೀಟಿನ ಕವರು ಹೊಲಿಸಿಕೊಂಡು ಎರಡು ದೊಡ್ಡ ಈರುಳ್ಳಿ ಕೊಟ್ಟ. ಒಬ್ಬಾಕೆ ರವಿಕೆಯ ಕಂಕುಳು ಹೊಲಿಸಿಕೊಂಡು, ಕೊಡಲು ಏನೂ ಇಲ್ಲವೆಂದು ನನ್ನ ಹಿಂದೆ ಕೂತು ತಲೆ ಬಾಚಿ ಜಡೆ ಹಾಕಿದಳು. ನನ್ನ ಪಕ್ಕದ ಚಹಾದಂಗಡಿಯಲ್ಲಿ ಫೋನಿನಿಂದ ಬಂದ ಹಣವನ್ನು ಸಾರುವ ಡಬ್ಬಿ ದಿನವಿಡೀ ಹತ್ತು ರೂಪಾಯಿ ಬಂತು, ಇಪ್ಪತ್ತು ರೂಪಾಯಿ ಬಂತು ಎಂದು ಕೂಗುತ್ತಲೇ ಇತ್ತು. ನನ್ನ ಜಡೆ ಬಂದದ್ದನ್ನು ಯಾವ ಡಬ್ಬಿಯೂ ಕೂಗಲಿಲ್ಲವಲ್ಲ ಎಂದು ಬಳಗಕ್ಕೆ ವರದಿ ಬರೆದೆ. ಅವರಿಗೆ ಬಹಳ ಇಷ್ಟವಾಯಿತು. ನನಗೂ ನನ್ನ ಮಾತು ಬಹಳ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸವದತ್ತಿಯಲ್ಲಿ ಕಥೆಯೇ ಬೇರೆಯಾಯಿತು. ಎಲ್ಲಮ್ಮನ ಗುಡ್ಡದ ಕೆಳಗಿನ ಊರದು. ಅಲ್ಲಿ ಒಬ್ಬ ಹೆಂಗಸು ಬಟ್ಟೆ ಹಾಸಿಕೊಂಡು ಕೂತು, ದುಡ್ಡು ಬೇಡ, ಬೇರೆ ಏನಾದರೂ ಕೊಡಿ ಎಂದರೆ ಜನಕ್ಕೆ ಅದರ ಅರ್ಥ ಒಂದೇ. ಹಣೆ ತುಂಬ ದೇವಿಯ ಅರಿಶಿನ, ಭಂಡಾರ ಹಚ್ಚಿಕೊಂಡ ಮುದುಕಿಯೊಬ್ಬಳು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಎಷ್ಟು ವಾರದ ಹರಕಿ ಐತಿ ಯವ್ವಾ ನಿಂದು?"

"ಹರಕಿ ಅಲ್ಲಬೇ, ಇದೊಂದು ಕಲೆ. ಜನಕ್ಕ ವಿಚಾರ ಮಾಡ್ಲಿಕ್ಕೆ ಹಚ್ಚೂದು."

"ಹೌದು, ಅದೇನರೆ ಇರ್ಲಿ. ಎಷ್ಟು ವಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಹಣೆಗೂ ಭಂಡಾರ ಬಳಿದು, ಬೊಗಸೆ ಜೋಳ ಸುರಿದು ಎದ್ದು ಹೋದಳು. ಆಮೇಲೆ ಹೊಲಿಸುವವರು ನಿಂತೇ ಹೋದರು, ಕಾಲಿಗೆ ಬೀಳುವವರು ಶುರುವಾದರು. ನಾನು ಬೇಡ ಬೇಡ ಎಂದಷ್ಟೂ ಅವರ ಭಕ್ತಿ ಹೆಚ್ಚಾಯಿತು. ಯಾರೋ ಫೋಟೋ ತೆಗೆದರು. ಸಂಜೆ ನಾನು ಬೈಲಹೊಂಗಲದ ಬಸ್ಸು ಇಳಿಯುವ ಮೊದಲೇ ಆ ಫೋಟೋ ನಮ್ಮ ನೆಂಟರ ವಾಟ್ಸಾಪಿನಲ್ಲಿ ಇಳಿದಿತ್ತು.

ಅವ್ವ ಫೋನು ಹಿಡಿದುಕೊಂಡೇ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ನಮ್ಮದು ಮೂರು ತಲೆಮಾರಿನ ಬಟ್ಟೆ ವ್ಯಾಪಾರದ ಲಿಂಗಾಯತ ಮನೆ, ಕೊಟ್ಟು ಗೊತ್ತೇ ಹೊರತು ಕೈಚಾಚಿ ಗೊತ್ತಿಲ್ಲ ಎಂಬ ಜಂಬದ ಮನೆ. ಆದರೆ ಅವ್ವ ಬೈಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಮೂರು ಊರಾಗ ಕುಂತಿ, ಸಾಕು. ರಾಮದುರ್ಗದಾಗ ಕುಂದರಬ್ಯಾಡ."

"ಯಾಕಬೇ? ನಿನ್ನ ತವರಮನಿ ಅಂತೇನು? ಮರ್ಯಾದಿ ಹೋಗತೈತೇನು?"

ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಐವತ್ತರ ಹತ್ತಿರ ಬಂದರೂ ಅವ್ವನ ಮುಂದೆ ನನ್ನ ಮೂಗಿನ ತುದಿಯ ಸಿಟ್ಟು ಹದಿನಾರರದ್ದೇ. ಅವಳು ಎದ್ದು ಹೋಗಿ, ದೇವರ ಜಗಲಿಯ ಮೂರ್ತಿಗಳ ಹಿಂದಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಒಳಗೆ ಒಂದು ಹಳೇ ಎಂಟಾಣೆ ಇತ್ತು.

ಆಗ ಹೇಳಿದಳು. ನಾನು ನಾಲ್ಕು ವರ್ಷದವಳಿದ್ದಾಗ ರಾಮದುರ್ಗದಲ್ಲಿ, ಅವಳ ತವರಿನಲ್ಲಿ, ಜ್ವರ ಬಂದು ಮಲಗಿದ್ದೆನಂತೆ. ಇಪ್ಪತ್ತು ದಿನವಾದರೂ ಇಳಿಯದೆ ಡಾಕ್ಟರು ಕೈಚೆಲ್ಲಿದರಂತೆ. ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು: ಮಗಳು ಉಳಿದರೆ ಐದು ಮನೆ ಜೋಗ ಬೇಡುತ್ತೇನೆ. ಜೋಗ ನಮ್ಮ ಕಡೆ ಉಳ್ಳವರೂ ಬೇಡುತ್ತಾರೆ. ಬಿದಿರಿನ ಪುಟ್ಟಿ ಹಿಡಿದು ಐದು ಬಾಗಿಲ ಮುಂದೆ ನಿಂತು, ಹಾಕಿದ ಹಿಟ್ಟು ತಂದು, ಅದರದ್ದೇ ರೊಟ್ಟಿ ಮಾಡಿ ಉಣ್ಣುವುದು. ನಾನು ಉಳಿದೆ. ಅವ್ವ ಒಂದು ಮಂಗಳವಾರ ಪುಟ್ಟಿ ಹಿಡಿದು ಹೊರಟಳು. ನಾಲ್ಕು ಮನೆಯವರು ಹಿಟ್ಟು ಹಾಕಿದರು. ಐದನೆಯದು ಅವಳ ಕಿರಿಯ ಅಣ್ಣನ ಮನೆ. ಅದೇ ವರ್ಷ ಜಗಳವಾಡಿಕೊಂಡು ಬೇರೆಯಾಗಿ, ಎರಡು ಓಣಿಯಾಚೆ ಸಂಸಾರ ಹೂಡಿದ್ದ. ಅತ್ತಿಗೆ ಬಾಗಿಲಿಗೆ ಬಂದಳು, ಒಂದು ಮಾತಾಡಲಿಲ್ಲ, ಪುಟ್ಟಿಯಲ್ಲಿ ಎಂಟಾಣೆ ಹಾಕಿ ಒಳಗೆ ಹೋದಳು.

"ಭಿಕ್ಷಾದವರಿಗೆ ದುಡ್ಡು ಹಾಕ್ತಾರ. ಜೋಗಕ್ಕ ಹಿಟ್ಟು ಹಾಕ್ತಾರ. ನನ್ನ ತವರಾಗ ನನ್ನ ಭಿಕ್ಷಾದಾಕಿ ಮಾಡಿದ್ಲು."

"ಮುಂದಿನ ಮನಿಗೆ ಹೋಗಬೇಕಿತ್ತಿಲ್ಲ?"

"ಐದು ಅಂತ ಎಣಿಸಿ ಹೊಂಟಾಕಿ ಆರನೇ ಬಾಗಲಕ್ಕ ಹೆಂಗ ಹೋಗಲಿ? ನಿನ್ನ ಹರಕಿ ನಾಲ್ಕು ಮನಿಗೇ ನಿಂತೈತಿ."

ನಿನ್ನ ಹರಕೆ ಎಂದಳು. ನನಗೆ ಒಂದೊಂದೇ ನೆನಪಾಯಿತು. ನನಗೆ ಸಣ್ಣ ನೆಗಡಿಯಾದರೂ ಅವಳು ಕಂಗಾಲಾಗುತ್ತಿದ್ದದ್ದು. ನನ್ನ ಗರ್ಭಕೋಶದ ಆಪರೇಶನ್ನಿನ ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನೇ ನೋಡುತ್ತಿದ್ದದ್ದು. ನಲವತ್ತೈದು ವರ್ಷ ಅವಳು ನನ್ನನ್ನು ಪೂರ್ತಿ ತೀರಿಸದ ಹರಕೆಯ ಮಗಳೆಂದೇ ಸಾಕಿದ್ದಳು. ಯಾವ ದಿನವಾದರೂ ದೇವಿ ವಾಪಸು ಕೇಳಬಹುದು. ಹರಕೆ ನಿಂತುಹೋದ ಊರಲ್ಲೇ ನಾನು ಬೇಡುವವಳಂತೆ ಕೂತರೆ ದೇವಿಗೆ ನೆನಪಾದೀತೆಂಬ ಭಯ ಅವಳಿಗೆ. ಇಷ್ಟು ದಿನ ಇದನ್ನು ನನಗೆ ಹೇಳದೆ ಒಬ್ಬಳೇ ಹೊತ್ತಳಲ್ಲ ಎಂದು ನನಗೆ ಸಿಟ್ಟು ಬಂತು, ಅಳುವೂ ಬಂತು. ನಾನು ಸಂತೆಯಲ್ಲಿ ಬೇಡುವ ಆಟ ಆಡುತ್ತಿದ್ದುದನ್ನು ನೆನೆದು ನಾಚಿಕೆಯಾಯಿತು.

ಅವ್ವನಿಗೆ ಮಾತು ಕೊಟ್ಟೆ, ರಾಮದುರ್ಗದ ಸಂತೆಯಲ್ಲಿ ಕೂರುವುದಿಲ್ಲ. ಕೂರಲಿಲ್ಲ. ಆದರೆ ಮುಂದಿನ ಮಂಗಳವಾರ ಶಾಲೆಗೆ ರಜೆ ಹಾಕಿ, ಅಟ್ಟದ ಮೇಲಿನ ಬಿದಿರಿನ ಪುಟ್ಟಿ ಒರೆಸಿಕೊಂಡು, ಅವಳಿಗೆ ಹೇಳದೆ ರಾಮದುರ್ಗದ ಬಸ್ಸು ಹತ್ತಿದೆ.

ಅವ್ವನ ಆ ಅಣ್ಣ, ನನ್ನ ಮಾವ, ತೀರಿಕೊಂಡು ಬಹಳ ವರ್ಷವಾಗಿತ್ತು. ಎಂಟಾಣೆ ಹಾಕಿದ್ದ ಅತ್ತೆ, ತನ್ನ ಮಗ ಮತ್ತು ಸೊಸೆಯ ಜೊತೆ ಅದೇ ಮನೆಯಲ್ಲಿದ್ದಳು. ಮದುವೆ ಮನೆಗಳಲ್ಲಿ ಎದುರಾದಾಗ ನಾವು ಆರಾಮವೇ ಎಂದು ಕೇಳಿಕೊಂಡವರೇ. ಆ ಹೊಸ್ತಿಲು ಮಾತ್ರ ಅವ್ವ ತುಳಿದಿರಲಿಲ್ಲ, ನಮ್ಮನ್ನೂ ಕಳಿಸಿರಲಿಲ್ಲ. ಬಾಗಿಲ ಮುಂದೆ ನಿಂತೆ. ಮೂರು ಸಂತೆಯಲ್ಲಿ ನಾಚದ ನಾನು ಅಲ್ಲಿ ಪುಟ್ಟಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಎದುರು ಮನೆಯಾಕೆ ಬಟ್ಟೆ ಒಣಹಾಕುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಪುಟ್ಟಿಯನ್ನು ಮುಂದೆ ಹಿಡಿದು ಹೇಗೋ ಕೂಗಿದೆ.

"ಎಲ್ಲಮ್ಮನ ಜೋಗ ನೀಡ್ರವ್ವಾ."

ಅತ್ತೆ ಗೋಡೆ ಹಿಡಿದುಕೊಂಡು ಬಂದಳು. ಗುರುತು ಹಿಡಿಯಲಿಲ್ಲ. ಸೊಂಟದ ಸಂಚಿಗೆ ಕೈ ಹಾಕಿ ಹತ್ತರ ನೋಟು ತೆಗೆದಳು.

"ದುಡ್ಡು ಬ್ಯಾಡತ್ತಿ. ಹಿಟ್ಟು ನೀಡ್ರಿ."

ಅತ್ತಿ ಎಂದದ್ದಕ್ಕೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು, ಪುಟ್ಟಿಯನ್ನು ನೋಡಿದಳು. ಕೈಯಲ್ಲಿದ್ದ ನೋಟನ್ನು ಮತ್ತೆ ಸಂಚಿಗೆ ತುರುಕಿದಳು. ಒಳಗೆ ಬಾ ಎನ್ನಲಿಲ್ಲ. ತಿರುಗಿ ಹೋದಳು. ಹೋದವಳು ಬರಲೇ ಇಲ್ಲ. ಬಿಸಿಲು ನೆತ್ತಿಗೇರಿತು. ಇದೂ ಹೋಯಿತು, ಅವ್ವನಿಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಮಿಕ್ಸಿ ಗರ್ರೆಂದಿತು. ನಿಂತಿತು. ಮತ್ತೆ ಗರ್ರೆಂದಿತು.

ಅತ್ತೆ ಮೊರದಲ್ಲಿ ಹಿಟ್ಟು ತಂದಳು. ಇನ್ನೂ ಬೆಚ್ಚಗಿತ್ತು.

"ಸೊಸಿ ಅಂಗಡ್ಯಾಗಿನ ಕಟಕರೊಟ್ಟಿ ತರತಾಳ. ಮನ್ಯಾಗ ಹಿಟ್ಟ ಇರೂದಿಲ್ಲ. ಒಂದೀಟು ಜೋಳ ಇದ್ವು, ಅವನ್ನ ಬೀಸಿದೆ."

ಪುಟ್ಟಿಗೆ ಸುರಿದು, ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಅವತ್ತೂ ಹಿಟ್ಟಿರಲಿಲ್ಲವಾ. ಬ್ಯಾರೆ ಆದ ಹೊಸದಾಗಿ ಎರಡು ದಿನಾ ಒಲಿ ಹಚ್ಚಿರಲಿಲ್ಲ. ನಾದಿನಿ ಮುಂದ ಅದನ್ನ ಹೆಂಗ ಹೇಳಲಿ? ಜಗಳಾಡಿ ಬಿಟ್ಟು ಬಂದ ಮನಿಗೆ ಸುದ್ದಿ ಹೋದ್ರ ನಿಮ್ಮ ಮಾವ ನನ್ನ ಜೀವಂತ ಬಿಡತಿರಲಿಲ್ಲ. ಸೆರಗಿನ ಗಂಟಿನಾಗ ಎಂಟಾಣೆ ಇತ್ತು, ಅದೊಂದ ಇತ್ತು. ಬಿಚ್ಚಿ ಹಾಕಿದೆ. ನಿಮ್ಮವ್ವ ಅದನ್ನ ನೋಡಿ ಹೋದದ್ದು ಹೋದ್ಲು, ಮತ್ತ ಬರಲಿಲ್ಲ."

ನಾನು ಅವಳ ಪಕ್ಕ ಕೂತೆ. ಕೊಡುಕೊಳ್ಳುವಿಕೆಯ ಬಗ್ಗೆ ಬಳಗಕ್ಕೆ ನಾನು ಬರೆದ ಪುಟಗಳೆಲ್ಲ ನೆನಪಾಗಿ ಹರಿದು ಹಾಕಬೇಕೆನಿಸಿತು. ಅವರು ಆಮೇಲೆ ನಾಲ್ಕನೆಯ ಊರಿನ ಫೋಟೋ ಕೇಳಿದರು. ಇಲ್ಲ ಎಂದೆ.

ಮನೆಗೆ ಬಂದು ಪುಟ್ಟಿಯನ್ನು ಅವ್ವನ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಅವಳು ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಮಿಕ್ಸಿ ಹಿಟ್ಟು. ರೊಟ್ಟಿ ಹರೀತೈತಿ."

ಅಷ್ಟೇ ಅಂದು ಒಲೆ ಹಚ್ಚಿದಳು. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಸೀಳಿತು, ಅವಳು ಒದ್ದೆ ಬೆರಳಿನಿಂದ ಕೂಡಿಸಿದಳು, ಮತ್ತೆ ಸೀಳಿತು. ಕಣ್ಣೊರೆಸಿಕೊಂಡು, "ಹೇಳಬಾರದೇನು ಆ ಹುಚ್ಚಿ" ಎಂದು ತನ್ನಷ್ಟಕ್ಕೇ ಅತ್ತಿಗೆಯನ್ನು ಬೈದಳು. ರೊಟ್ಟಿ ಒಂದೇ ಆಯಿತು. ಮೊದಲ ತುತ್ತು ಮುರಿದು ನನ್ನ ಬಾಯಲ್ಲಿಟ್ಟು, ಹಣೆ ಮುಟ್ಟಿ ನೋಡಿದಳು, ಜ್ವರ ಇಳಿದಿದೆಯೇ ಎಂದು ನೋಡುವ ಹಾಗೆ.

"ಇನ್ನ ನಿನಗ ಏನೂ ಆಗೂದಿಲ್ಲ."

ಆಮೇಲೆ ಜಗಲಿಗೆ ಹೋಗಿ ಎಂಟಾಣೆಯನ್ನು ತಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಡಬ್ಬಿ ಬಗ್ಗಿಸಿ ಐದು ಸೇರು ಜೋಳದ ಹಿಟ್ಟು ಅಳೆದು ಚೀಲಕ್ಕೆ ತುಂಬಿ, ನಾಳೆ ರಾಮದುರ್ಗಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.