ಒಂಟಿಕಾಲಿನ ನವಿಲು

ನಮ್ಮ ಮನೆಯ ಪಡಸಾಲೆಯಲ್ಲಿ ಹಾಸಿರುವ ಜಮಖಾನೆಯ ನವಿಲಿಗೆ ಒಂದೇ ಕಾಲು. ಬಂದವರು ಚಹದ ಕಪ್ಪು ಕೈಗೆ ತೆಗೆದುಕೊಂಡು ಕಣ್ಣು ಕೆಳಗಿಳಿಸಿದರೆ ಸಾಕು, ಅದು ಕಂಡೇ ಕಾಣುತ್ತದೆ. ಕೆಲವರು ಮರ್ಯಾದೆಗೆಂದು ಸುಮ್ಮನಾಗುತ್ತಾರೆ, ಕೆಲವರು ಇನ್ನೊಂದು ಕಾಲನ್ನು ಇಲಿ ತಿಂದಿತೇನೋ ಎಂದು ನಗುತ್ತಾರೆ. ನವಿಲಿನ ಹೆಸರನ್ನೇ ಹೊತ್ತ ನವಲಗುಂದದಲ್ಲಿ, ಅದೂ ಜಮಖಾನೆ ನೇಯುವವರ ಮನೆಯಲ್ಲೇ ಹೀಗೊಂದು ಕುಂಟು ನವಿಲು ರಾಜಾರೋಷವಾಗಿ ಮೈಚಾಚಿರುವುದು ನಗುವಂಥ ಸಂಗತಿಯೇ. ನೀವೂ ಒಮ್ಮೆ ನಕ್ಕುಬಿಡಿ, ಆಮೇಲೆ ಅದರ ಕಥೆ ಹೇಳುತ್ತೇನೆ.

ಅದನ್ನು ನೇಯ್ದವರು ನನ್ನ ಅತ್ತೆ ಹುಸೇನಬಿ. ನಮ್ಮ ನೇಕಾರರ ಮನೆಗಳಲ್ಲಿ ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವುದು ಹಿಂದಿನಿಂದ ಬಂದ ಪದ್ಧತಿ. ಮಗಳು ಅದನ್ನು ಇನ್ನೊಂದು ಊರಿಗೆ ಹೊತ್ತೊಯ್ದಾಳು ಎಂಬ ಭಯ. ಆ ಲೆಕ್ಕಕ್ಕೆ ಮಗ್ಗ ನನ್ನ ಹಕ್ಕು. ನಾನೋ ಅಣ್ಣಿಗೇರಿಯ ಶಾಲೆಯಲ್ಲಿ ಪಾಠ ಹೇಳುವವಳು, ಸೀಮೆಸುಣ್ಣ ಹಿಡಿದ ಕೈಗೆ ನೂಲು ಒಗ್ಗುವುದಿಲ್ಲವೆಂದು ಜಾರಿಕೊಂಡಿದ್ದೆ. ಮನೆಯೊಳಗೆ ನಾವು ಉರ್ದು ಆಡಿದರೂ ಮಗ್ಗದ ಮುಂದೆ ಅತ್ತೆಯ ಬಾಯಿಗೆ ಕನ್ನಡವೇ ಬರುತ್ತಿತ್ತು, ಏಕೆಂದರೆ ಅವರ ಪಕ್ಕದಲ್ಲಿ ಹರಟೆಗೆ ಕೂರುತ್ತಿದ್ದವರು ಎದುರು ಮನೆಯ ನೀಲವ್ವ. ನೀಲವ್ವನದು ತಲೆತಲಾಂತರದ ಲಿಂಗಾಯತ ಒಕ್ಕಲು ಮನೆ. ಆ ಮನೆಯ ಪ್ರತಿ ಮದುವೆಯಲ್ಲೂ ವಧೂವರರ ಮೇಲೆ ಅಕ್ಕಿಕಾಳು ಬೀಳುತ್ತಿದ್ದುದು ನಮ್ಮ ಮನೆಯ ಜಮಖಾನೆಯ ಮೇಲೆ, ಎದುರುಬದುರು ನಿಂತ ಜೋಡಿ ನವಿಲುಗಳ ನಡುವೆ.

ಕುರ್ಚಿಗೆ ಒಬ್ಬರ ಲೆಕ್ಕವಷ್ಟೇ ಗೊತ್ತು. ಜಮಖಾನೆಗೆ ಲೆಕ್ಕವೇ ಬಾರದು. ಇನ್ನೊಬ್ಬರು ಬಂದರೆ ಮೊದಲಿನವರು ಮೊಣಕಾಲು ಮಡಚಿ ಒಂದಿಷ್ಟು ಸರಿದರಾಯಿತು. ಆದರೆ ಸರಿಯುವ ಈ ಸಣ್ಣ ಸೌಜನ್ಯವೂ ದುಬಾರಿಯಾಗುವ ಕಾಲ ಬಂತು. ಇಂಥವರಲ್ಲಿ ಏನನ್ನೂ ಕೊಳ್ಳಬೇಡಿ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿ, ನಮ್ಮೂರ ಕರಿನೆಲದಲ್ಲೂ ಕಸದಂತೆ ಬೇರುಬಿಟ್ಟಿತು. ನಮ್ಮ ಮನೆಯವರು ಸಂತೆಯಲ್ಲಿ ಜಮಖಾನೆ ಹರಡುತ್ತಿದ್ದ ಜಾಗದಲ್ಲಿ ನಾಲ್ವರು ಹುಡುಗರು ಬಂದು ನಿಂತು, ಗಂಟು ಕಟ್ಟಿಸಿ ಕಳಿಸಿದರು. ಸುತ್ತಲಿನವರು ತಕ್ಕಡಿ ನೋಡುತ್ತ ವ್ಯಾಪಾರ ಮುಂದುವರಿಸಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅಣ್ಣಿಗೇರಿಯವರೆಗೆ ನಿಂತೇ ಬಂದವರನ್ನು ಕಂಡಿದ್ದೇನೆ. ಅದು ಎಷ್ಟು ನೋಯುತ್ತದೆಂದು ಬಿಡಿಸಿ ಹೇಳಲಾರೆ.

ಕೊನೆಗೆ ನೀಲವ್ವನ ಮಗ ಬಂದ. ಅವನ ಮಗಳ ಮದುವೆಗೆಂದು ಅತ್ತೆ ಆಗಲೇ ನೂಲಿಗೆ ಬಣ್ಣ ಹಾಕಿ ಒಣಗಿಸಿದ್ದರು. ಅವನು ಹೊಸ್ತಿಲಾಚೆಯೇ ನಿಂತು, ಚಪ್ಪಲಿ ನೋಡುತ್ತ, "ಈ ಸಲ ಜಮಖಾನಿ ಬ್ಯಾಡ್ರಿ ಕಾಕೂ, ಪ್ಯಾಟ್ಯಾಗಿಂದು ತಂದೇವಿ" ಎಂದ. ಅಂದಿನಿಂದ ನೀಲವ್ವನೂ ಬರಲಿಲ್ಲ. ಬಾರದಂತೆ ಕಟ್ಟಪ್ಪಣೆಯಾಗಿದೆ ಎಂದು ಓಣಿಯಲ್ಲಿ ಸುದ್ದಿ.

ನಮ್ಮ ಮನೆಯವರು ಮಗ್ಗ ಬಿಚ್ಚಿಬಿಡೋಣ ಎಂದರು. ಕೊಳ್ಳುವವರಿಲ್ಲದ ಮೇಲೆ ಅರ್ಧ ಪಡಸಾಲೆಯನ್ನು ಅದಕ್ಕೇಕೆ ಕೊಡಬೇಕು? ಅತ್ತೆ ವಾದಿಸಲಿಲ್ಲ. ಬಣ್ಣ ಹಾಕಿದ ನೂಲು ಹಾಳಾಗದಿರಲಿ, ತಮಗೊಂದು ಜಾನಮಾಜು, ಅಂದರೆ ನಮಾಜಿಗೆ ಹಾಸುವ ಜಮಖಾನೆ, ನೇಯ್ದುಕೊಂಡು ಮುಗಿಸುತ್ತೇನೆ ಎಂದರಷ್ಟೇ. ಅವರ ಹಳೆಯ ಜಾನಮಾಜು ಹಣೆಯೂರುವ ಜಾಗದಲ್ಲಿ ಸವೆದು ಜಾಳಾಗಿತ್ತು.

ಐದೂ ಹೊತ್ತು ಅದೇ ಜಾಳಿನ ಮೇಲೆ ಬಾಗುವ ಈ ಜೀವ ದೇವರಲ್ಲಿ ಏನನ್ನು ಬೇಡುತ್ತದೆ ಎಂದು ನನಗೆ ಸಿಟ್ಟು ಬೆರೆತ ಕುತೂಹಲ. ಒಂದು ಸಂಜೆ ಕೇಳಿಯೇಬಿಟ್ಟೆ.

"ನೀಲವ್ವನ ಮಮ್ಮಗಳ ಮದವಿ ಸುಸೂತ್ರ ಆಗ್ಲಿ ಅಂತ ಕೇಳಿದೆ," ಎಂದರು ಅತ್ತೆ.

ನನಗೆ ಮೈಯುರಿಯಿತು. "ಅವರು ನಮ್ಮನ್ನ ಬ್ಯಾಡ ಅಂದಾರಲ್ರಿ ಅಮ್ಮಾ!"

"ಅವರು ಬ್ಯಾಡ ಅಂದದ್ದು ಜಮಖಾನಿ. ದುವಾ ಬ್ಯಾಡ ಅಂದಿಲ್ಲಲ್ಲ."

ನನ್ನ ಸಿಟ್ಟು ಮಾತ್ರ ಹಾಗೇ ಇತ್ತು. ಇಷ್ಟೊಂದು ತಾಳ್ಮೆ ಸೋತವರ ಲಕ್ಷಣವಲ್ಲವೇ ಎಂದು ನನ್ನೊಳಗೇ ಜಗಳವಾಡುತ್ತಿದ್ದೆ.

ಹಾಗಿರುವಾಗ ಆ ತಪ್ಪು ನಡೆಯಿತು. ಜಾನಮಾಜಿನ ಮೇಲೆ ಜೀವವಿರುವ ಯಾವುದರ ಚಿತ್ರವೂ ಇರಬಾರದು. ಕಮಾನು, ಬಳ್ಳಿ, ಹೂವು ಇದ್ದರಾಯಿತು. ಒಂದು ಮಧ್ಯಾಹ್ನ ಅತ್ತೆ ಏನೋ ಯೋಚಿಸುತ್ತ ನೇಯುತ್ತಿದ್ದರು. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿ ಎದ್ದುಹೋಗಿ ನಮಾಜು ಮುಗಿಸಿ ಬಂದು ನೋಡಿದರೆ, ಕಮಾನಿನ ಬುಡದಲ್ಲಿ ಹಳದಿ ನೂಲಿನ ಮೂರು ಬೆರಳಿನ ಪಾದ! ಜೀವಮಾನವಿಡೀ ನವಿಲು ನೇಯ್ದ ಕೈ, ಒಡತಿಯನ್ನು ಕೇಳದೆಯೇ ನವಿಲಿನ ಕಾಲೂರಿಬಿಟ್ಟಿತ್ತು. ಪಕ್ಕದಲ್ಲಿ ಇನ್ನೊಂದು ಕಾಲು ಬರಬೇಕಾದಲ್ಲಿ ಬರಿಯ ಕೆಂಪು.

"ಬಿಚ್ಚೂಣೇನ್ರಿ?" ಎಂದೆ.

ಅವರು ಆ ಪಾದವನ್ನು ಬೆರಳಿನಿಂದ ಸವರಿದರು. ಆಮೇಲೆ ಮುಖದಲ್ಲಿ ನಗು ಮೂಡಿತು. "ಬ್ಯಾಡ. ಮೊಬೈಲಿನ ಸುದ್ದಿ ಈ ಕೈಗೆ ಇನ್ನಾ ಮುಟ್ಟಿಲ್ಲ ನೋಡು. ನನ್ನ ಕೆಲಸ ಮುಗೀತಂತ ನಾ ಅಂದಕೊಂಡಿದ್ದೆ, ಮ್ಯಾಲಿನಾಂವ ಮುಗದಿಲ್ಲ ಅಂದ. ಅನ್ನಾ ಕೊಡಾಂವ ಅವ ಅದಾನ, ಸಂತಿಯೊಳಗಿನ ಹುಡುಗೂರಲ್ಲ." ಬಿಚ್ಚದೆ, ಎರಡನೆಯ ಕಾಲನ್ನೂ ಸೇರಿಸದೆ, ಆ ಒಂದೇ ಕಾಲಿನ ಮೇಲೆ ದೇಹ, ಕತ್ತು, ತುರಾಯಿ, ಗರಿಯ ರಾಶಿ ಏರಿಸಿದರು. ಜಾನಮಾಜು ಆಗಬೇಕಾದದ್ದು ಜನ ಕೂಡುವ ಜಮಖಾನೆಯಾಯಿತು. ನಮಾಜು ಮತ್ತೆ ಹಳೆಯ ಜಾಳಿನ ಮೇಲೆಯೇ ನಡೆಯಿತು.

ಆಗ ನನಗೆ ತಿಳಿದದ್ದು ಇಷ್ಟು. ಭರವಸೆ ಎಂದರೆ ಒಳ್ಳೆಯದೇ ಆಗುತ್ತದೆ ಎಂದು ಕಣ್ಣು ಮುಚ್ಚಿ ಕೂರುವುದೆಂದು ನಾನು ಭಾವಿಸಿದ್ದೆ. ಅತ್ತೆ ಕಣ್ಣು ಮುಚ್ಚಿದವರಲ್ಲ. ಸಂತೆಯಿಂದ ಮಗ ಹೊತ್ತುತಂದ ಗಂಟನ್ನು ಬಿಚ್ಚಿ, ಒಂದೊಂದೇ ಜಮಖಾನೆಯ ಧೂಳು ಕೊಡವುತ್ತ ಅತ್ತವರು ಅವರೇ. ಆದರೆ ಅವರ ದೇವರು ಅಳುವಿನ ಬಳಿಕ ಮಾಡಲು ಒಂದು ಕೆಲಸವನ್ನೂ ಕೊಡುತ್ತಿದ್ದ. ಕೂರುವವರು ಬರುವ ಮುನ್ನವೇ ಹಾಸಿಡುವುದು, ಅದೇ ಅವರ ಈಮಾನು, ಅವರ ನಂಬಿಕೆ. ನನ್ನಂಥ ಓದಿದವಳ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಸಿಟ್ಟಿನ ಮೇಲೆ ಯಾರನ್ನೂ ಕೂರಿಸಲು ಬರುವುದಿಲ್ಲ.

ಮದುವೆ ನಡೆಯಿತು, ಪೇಟೆಯ ಜಮಖಾನೆಯ ಮೇಲೆಯೇ. ವಾರ ಕಳೆದಿರಬೇಕು, ಹಾಡಹಗಲೇ, ಓಣಿಯೆಲ್ಲ ನೋಡುತ್ತಿರುವಾಗ ನೀಲವ್ವ ರಸ್ತೆ ದಾಟಿ ಬಂದರು. ಸೆರಗಿನಲ್ಲಿ ಮದುವೆಯ ಬುಂದೆ ಉಂಡೆ. ಯಾರೂ ಕರೆಯುವ ಮೊದಲೇ ಹೊಸ ಜಮಖಾನೆಯ ಮೇಲೆ ಕುಳಿತು, ಕಣ್ಣೊರೆಸಿಕೊಂಡು, ಕೆಳಗೆ ನೋಡಿದರು.

"ಯವ್ವಾ ಹುಸೇನವ್ವ, ಇದಕ್ಯಾಕ ಒಂದ ಕಾಲಬೇ?"

ಅತ್ತೆ ಉಂಡೆ ಮುರಿದು ಬಾಯಿಗಿಟ್ಟುಕೊಂಡು ಹೇಳಿದರು: "ಇನ್ನೊಂದು ಎತ್ತೇತಿ. ನಿಮ್ಮನಿಗೆ ಬರಾಕ."

ನೀಲವ್ವ ನಕ್ಕರು, ನಗುತ್ತಲೇ ಅತ್ತರು. ಅವರ ಮಗ ಇಂದಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ, ಸಂದೇಶಗಳು ಬರುತ್ತಲೇ ಇವೆ, ಸಂತೆಯ ಜಾಗ ಇನ್ನೂ ಸಿಕ್ಕಿಲ್ಲ. ಆದರೆ ನಮ್ಮ ಮನೆಯವರು ಮಗ್ಗ ಬಿಚ್ಚುವ ಮಾತೆತ್ತಿಲ್ಲ. ಶಾಲೆಯಿಂದ ಬಂದ ಮೇಲೆ ನಾನೀಗ ಅದರ ಮುಂದೆ ಕೂರುತ್ತೇನೆ; ಅತ್ತೆ ಒಂದು ಬದಿಗೆ, ನೀಲವ್ವ ಇನ್ನೊಂದು ಬದಿಗೆ ಕುಳಿತು ನನ್ನ ತಪ್ಪು ಹುಡುಕುತ್ತಾರೆ. ನೇಯುತ್ತಿರುವುದು ಅತ್ತೆಯ ಜಾನಮಾಜು.

ಅಂದಹಾಗೆ, ನಮ್ಮ ನವಿಲನ್ನು ಕುಂಟು ಎಂದೆನಲ್ಲ, ಆ ಮಾತು ವಾಪಸ್ಸು. ನೀವು ಬಂದಾಗ ಸರಿಯಾಗಿ ನೋಡಿ, ಅದು ನಡೆಯುತ್ತಿದೆ.